ಗೋಡೆಗೆ ಮರ ಬರೆದವನು, ಪತ್ರಿಕೆ ತೆರೆದವನು

ಪ್ರಿಯ ಓದುಗರೇ,

‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯನ್ನು ಆರಂಭಿಸಿದವನು ಊರೂರು ತಿರುಗುತ್ತಿದ್ದ ಭಿತ್ತಿಚಿತ್ರಗಾರ ರೂಫಸ್ ಪೋರ್ಟರ್ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಇದು ಅಚ್ಚಿನ ತಪ್ಪಿರಬೇಕು, ನಿಜವೇ ಆದರೂ ಹತ್ತು ಕಡೆ ಕೈಹಾಕಿ ಒಂದರಲ್ಲೂ ನಿಲ್ಲದವನನ್ನು ಹೊಗಳುವುದೇಕೆ ಎಂದು ಕೇಳಿದ್ದೀರಿ.

ತಪ್ಪಲ್ಲ. 1792ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಪೋರ್ಟರ್, 1845ರ ಆಗಸ್ಟ್ 28ರಂದು ನ್ಯೂಯಾರ್ಕಿನಲ್ಲಿ ಆ ವಾರಪತ್ರಿಕೆಯ ಮೊದಲ ಸಂಚಿಕೆ ತಂದ. ವರ್ಷ ತುಂಬುವ ಮೊದಲೇ ಅದನ್ನು 800 ಡಾಲರಿಗೆ ಮಾರಿದ.

ನಿಮ್ಮ ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅವನು ಗೋಡೆಯ ಮುಂದೆ ಕೆಲಸ ಮಾಡುತ್ತಿದ್ದ ಬಗೆಯನ್ನು ನೋಡಿ. ಫ್ರಾನ್ಸಿನಿಂದ ಬರುತ್ತಿದ್ದ ಚಿತ್ರದ ಗೋಡೆಕಾಗದ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಹಳ್ಳಿಮನೆಗಳಿಗೆ ದುಬಾರಿ. ಪೋರ್ಟರ್ ಒಣಗಿದ ಗಾರೆಯ ಮೇಲೆ, ಅಂಟುನೀರಿನಲ್ಲಿ ಕಲಸಿದ ಬಣ್ಣದಿಂದ, ಕೋಣೆಯ ಸುತ್ತಲೂ ಒಂದೇ ನೋಟ ಹರಡುತ್ತಿದ್ದ. ಹತ್ತಿರದಲ್ಲಿ ಸೂರು ಮುಟ್ಟುವ ಮರ, ಅದರ ಹಿಂದೆ ಕೊಲ್ಲಿ, ಕೊಲ್ಲಿಯಲ್ಲಿ ಹಾಯಿಹಡಗು, ಆಚೆ ದಿಬ್ಬದಲ್ಲಿ ಪುಟ್ಟ ಬಿಳಿ ಮನೆಗಳು. ಮನೆ, ಹಡಗುಗಳಿಗೆ ಕತ್ತರಿಸಿಟ್ಟುಕೊಂಡ ಅಚ್ಚು ಇತ್ತು. ಮರದ ಎಲೆಗಳನ್ನು ಒಂದೊಂದಾಗಿ ಬರೆಯುತ್ತಿರಲಿಲ್ಲ. ಬಣ್ಣ ಒತ್ತಿ ಒತ್ತಿ ಗೊಂಚಲು ಎಬ್ಬಿಸುತ್ತಿದ್ದ, ಬೆಳಕಿನ ಕಡೆ ತಿಳಿಯಾಗಿ, ನೆರಳಿನ ಕಡೆ ದಟ್ಟವಾಗಿ. ಭಾವಚಿತ್ರಕ್ಕೂ ಇದೇ ಬುದ್ಧಿ. ಮುಖದ ಬಿಂಬ ಕಾಗದದ ಮೇಲೆ ಬೀಳುವಂಥ ಕತ್ತಲೆಪೆಟ್ಟಿಗೆಯೊಂದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ. ಕತ್ತರಿಸಿದ ನೆರಳುಚಿತ್ರಕ್ಕೆ ಕೇಳುತ್ತಿದ್ದದ್ದು 20 ಸೆಂಟು.

ಚಿತ್ರಗಾರನೂ ಯಂತ್ರಕಾರನೂ ಇಲ್ಲಿ ಬೇರೆಬೇರೆಯಾಗಿ ಕಾಣುತ್ತಾರೆಯೇ? ನನಗಂತೂ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಸೆಳೆಯುವುದು ಇನ್ನೊಂದು ಗುಣ. ಹೊಟ್ಟೆಪಾಡಿನ ಈ ಗುಟ್ಟನ್ನು ಅವನು ಬಚ್ಚಿಡಲಿಲ್ಲ. ಕೋಣೆಯ ಗೋಡೆಗೆ ಚಿತ್ರ ಬರೆಯುವುದು ಹೇಗೆಂದು 1825ರ ತನ್ನ ಪುಸ್ತಕದಲ್ಲೇ ವಿವರಿಸಿದ. ಮುಂದೆ ತನ್ನ ಪತ್ರಿಕೆಯಲ್ಲೂ ಬರೆದ. ಯುರೋಪಿನ ದೃಶ್ಯಗಳನ್ನು ನಕಲು ಮಾಡಬೇಕಿಲ್ಲ, ಏರುನೆಲದ ಮೇಲಿನ ಒಂದು ಅಮೆರಿಕನ್ ತೋಟ, ಬಣ್ಣಬಣ್ಣದ ಹೊಲಗಳಿಗಿಂತ ಚೆಲುವಾದದ್ದು ಬೇರೆಲ್ಲೂ ಸಿಗದು ಎಂದು ವಾದಿಸಿದ. ಸಂಪಾದಕನಾಗಿ ಅವನು ಮಾಡಿದ್ದೂ ಇದನ್ನೇ: ಬಲ್ಲವರ ಕೈಯಲ್ಲಿದ್ದ ಕಸುಬನ್ನು ಕುಶಲಕರ್ಮಿಯ ಮೇಜಿಗೆ ತಂದಿಡುವುದು.

ಸೋಲುಗಳಿದ್ದವು, ನಿಜ. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಮೂರೇ ದಿನದಲ್ಲಿ ಹಾರಿಹೋಗುವ ವಾಯುನೌಕೆಯ ಯೋಜನೆಯನ್ನು 1849ರಲ್ಲಿ ಅಚ್ಚು ಹಾಕಿಸಿದ. ಸಣ್ಣ ಮಾದರಿಗಳು ಹಾರಿದವು, ದೊಡ್ಡದು ಏಳಲೇ ಇಲ್ಲ. 1884ರಲ್ಲಿ ತೀರಿಕೊಂಡ.

ಮೇನ್ ರಾಜ್ಯದ ಬ್ರಿಜ್‌ಟನ್‌ನಲ್ಲಿ ಈಗ ಅವನ ಹೆಸರಿನ ಸಂಗ್ರಹಾಲಯವಿದೆ. ಅವನು ಬಣ್ಣ ಹಚ್ಚಿದ ಎಷ್ಟೋ ಗೋಡೆಗಳ ಮೇಲೆ ಮುಂದಿನ ತಲೆಮಾರಿನವರು ಗೋಡೆಕಾಗದವನ್ನೇ ಅಂಟಿಸಿದ್ದರು. ಹಳೆಯ ಮನೆಗಳಲ್ಲಿ ಆ ಕಾಗದವನ್ನು ಸುಲಿದಾಗ ಅಡಿಯಿಂದ ಅವನ ಮರಗಳು ಹೊರಬಂದಿವೆ.

— ಸಂಪಾದಕ