ಪ್ರತಿಕ್ರಿಯೆ: ತಗಡಿನ ಮ್ಯಾಲ ಬಾಗಿದ ಗುಲ್‌ಮೊಹರ್ ಟೊಂಗಿಗೆ ಯಾವ ಹಗ್ಗ?

ಧಾರವಾಡದ ಮನಿ ತಗಡಿನ ಮ್ಯಾಲ ಬಾಗಿದ ಗುಲ್‌ಮೊಹರ್ ಟೊಂಗಿನ ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗದಿಂದ ಇಳಸಬಹುದೇನು ಅಂತ ಕೇಳೀರಿ. ಬ್ಯಾಡ್ರಿ. ಅದು ಪಾಲಿಪ್ರೊಪಿಲೀನ್. ಕವಲಿನಾಗ ಉಜ್ಜಿಕೊಂಡು ಜೋರಾಗಿ ಓಡಿದ್ರ ಕಾವಿಗೆ ಕರಗತದ, 165 ಡಿಗ್ರಿ ಸಾಕು. ಬಿಸಿಲು ತಿಂದ ಹಳೇ ಹಗ್ಗಂತೂ ಕೇಳೂದ ಬ್ಯಾಡ. 12 ಇಲ್ಲಾ 14 ಮಿ.ಮೀ. ಹೆಣೆದ ಪಾಲಿಯೆಸ್ಟರ್ ತಗೋರಿ.

ನೀವು ಬರದಂಗ 20 ಸೆಂ.ಮೀ. ದಪ್ಪ, 3 ಮೀಟರ್ ಉದ್ದ ಅಂದ್ರ ಹಸಿ ಟೊಂಗಿ 80 ಕಿಲೋ ಸುತ್ತಮುತ್ತ ತೂಗತದ. ಅದು ಒಂದು ಮೀಟರ್ ಬಿದ್ದು ಜಗ್ಗಿದ್ರ ಹಗ್ಗದ ಮ್ಯಾಲಿನ ಬಲ ಅದರ ಹಲವು ಪಟ್ಟು. ಅದಕ್ಕ ಹಗ್ಗ ಹಾಯಿಸೋ ಕವಲು ಕೊಯ್ಯೋ ಜಾಗಕ್ಕಿಂತ ಮ್ಯಾಲಿರಲಿ. ಹಗ್ಗ ಮೊದಲ ಬಿಗಿ, ಆಮ್ಯಾಲ ಗರಗಸ. ಕೆಳಗ ಬೊಡ್ಡಿಗೆ ಮೂರು ಸುತ್ತು ಹಾಕಿದ್ರ ಒಬ್ಬಾಂವ ತಡೀಬಹುದು. ಕೈಗೆ ಮಾತ್ರ ಸುತ್ತಿಕೊಳ್ಳಬಾರದು.

ಗುಲ್‌ಮೊಹರ್ ಕಟಗಿ ಪೆಡಸು. ಕಾಂಡದಿಂದ 30 ಸೆಂ.ಮೀ. ದೂರ ಕೆಳಗಿನಿಂದ ಕಾಲು ಭಾಗ ಕೊಯ್ದು, ಅದಕ್ಕಿಂತ 3-4 ಸೆಂ.ಮೀ. ಆಚೆ ಮ್ಯಾಲಿಂದ ಕೊಯ್ರಿ. ಕೆಳಗಿನ ಕೊಯ್ತ ಬಿಟ್ರ ತೊಗಟಿ ಬೊಡ್ಡಿತನಕ ಸೀಳತದ. ಉಳಿದ ಮೋಟನ್ನ, ಟೊಂಗಿ ಕಾಂಡಕ್ಕ ಕೂಡೂ ಕಡೆ ಇರೋ ಉಬ್ಬು ಬಿಟ್ಟು, ಅದರ ಹೊರಗ ಕೊಯ್ದು ತಗೀರಿ.

ಏರಿದಾಂವನ ಸೊಂಟಪಟ್ಟಿಗೆ ಬ್ಯಾರೆ ಹಗ್ಗ, ಬ್ಯಾರೆ ಕವಲು. ಕೂಗಿಗೆ 'ಸಾವಕಾಶ', 'ಹಿಡಿ' ಎರಡ ಸಾಕು. 'ಬಿಡು' ಅಂದ್ರ ಪೂರಾ ಕೈಬಿಟ್ಟು ಚಹಾಕ್ಕ ಹೋಗೂ ಮಂದಿ ಅದಾರ! ಹತ್ತಿರ ಲೈನ್ ಹಾದಿದ್ರ ಹೆಸ್ಕಾಂನವರು ಕರೆಂಟ್ ತಗಿಯೂತನಕ ಏರಬ್ಯಾಡ್ರಿ.