‘ಮನುಷ್ಯರೆಲ್ಲ ಕಪಟಿಗಳು’ ಎಂದು ಬರೆದ ಹುಡುಗ

(ಹುಡುಗ ಮತ್ತು ತಂದೆಯ ಒಪ್ಪಿಗೆ ಪಡೆದಿದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದೆ. ಕೊಡಗಿನಲ್ಲಿ ಮನೆ ಹೆಸರೊಂದು ಸಾಕು, ಯಾರ ಮಗ ಎಂದು ಬಸ್‌ಸ್ಟ್ಯಾಂಡಿನಲ್ಲೇ ಹೇಳಿಬಿಡುತ್ತಾರೆ. ಹಾಗಾಗಿ ಇಂಥ ಪ್ರಕರಣಗಳ ಕಡತದಲ್ಲೂ ಮನೆ ಹೆಸರು ಬರೆಯದಿರುವುದು ಒಳ್ಳೆಯದು.)

ಪ್ರಥಮ ಪಿಯುಸಿ ಓದುವ 16 ವರ್ಷದ ಹುಡುಗ. ಮನೆಮಾತು ಅರೆಭಾಷೆ. ನಾಲ್ಕೆಕರೆ ರೊಬಸ್ಟಾ ತೋಟ, ನಡುವೆ ಕರಿಮೆಣಸು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ. ಫೆಬ್ರವರಿಯಲ್ಲಿ ಉಪನ್ಯಾಸಕರೊಬ್ಬರಿಗೆ ಅವನ ನೋಟ್‌ಬುಕ್ ಸಿಕ್ಕಿತು. ಹಿಂದಿನ ಪುಟಗಳಲ್ಲಿ ಹೀಗಿತ್ತು: ‘ಮನುಷ್ಯರೆಲ್ಲ ಕಪಟಿಗಳು.’ ‘ಸಂತೋಷ ಅನ್ನೋದು ಎರಡು ನಿಮಿಷ, ಆಮೇಲೆ ಮತ್ತೆ ಅದೇ.’ ‘ಒಳ್ಳೆಯವರು ಯಾರೂ ಇಲ್ಲ, ನಾನೂ ಅಲ್ಲ.’ ‘ಯಾಕೆ ಬದುಕಬೇಕು?’

ಉಪನ್ಯಾಸಕರು ಗಾಬರಿಯಾಗಿ ತಂದೆಯನ್ನು ಕರೆಸಿ, ಹುಡುಗನ ಎದುರಿಗೇ ಅದನ್ನು ಓದಿ ಹೇಳಿದರು. ಉದ್ದೇಶ ಒಳ್ಳೆಯದೇ ಇತ್ತು, ಆದರೆ ಕೆಲಸ ಕೆಟ್ಟಿತು. ‘ನಿನಗೆ ಏನು ಕಡಿಮೆ ಮಾಡಿದ್ದೀವಿ?’ ಎಂದು ತಂದೆ ಕೇಳಿದ ಮೇಲೆ ಹುಡುಗ ಮನೆಯಲ್ಲಿ ಮಾತು ನಿಲ್ಲಿಸಿದ. ಇಂಥ ಬರಹ ಕೈಗೆ ಬಂದರೆ ಮೊದಲು ಬರೆದವರನ್ನೇ ಒಬ್ಬರೇ ಇರುವಾಗ ಕೂರಿಸಿ, ‘ಇದನ್ನು ಓದಿದೆ, ನಿನ್ನ ಬಗ್ಗೆ ಯೋಚನೆ ಆಯ್ತು’ ಎಂದು ಕೇಳಬೇಕು. ಅಪಾಯ ಕಂಡರೆ ಮನೆಯವರಿಗೆ ಹೇಳಲೇಬೇಕು, ಆದರೆ ‘ಹೇಳುತ್ತಿದ್ದೇನೆ’ ಎಂದು ಬರೆದವರಿಗೆ ತಿಳಿಸಿಯೇ. ಆಮೇಲೆ ಹುಡುಗ ಆಪ್ತಸಲಹೆಗೆ ಬಂದ. ಅಲ್ಲಿ ಮೊದಲ ಕೆಲಸವೂ ಅದೇ ಆಯಿತು. ನೋಟ್‌ಬುಕ್ಕನ್ನು ಅವನ ಕೈಗೆ ವಾಪಸು ಕೊಟ್ಟು, ಅವನಾಗಿ ತೆರೆದರೆ ಮಾತ್ರ ನೋಡುವುದೆಂದು ಹೇಳಲಾಯಿತು. ಗುಟ್ಟಿನ ಮಿತಿಯನ್ನೂ ಆಗಲೇ ತಿಳಿಸಲಾಯಿತು. ನಿನ್ನ ಜೀವಕ್ಕೆ ಅಪಾಯವಿದ್ದರೆ, ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ನಿನಗೆ ಲೈಂಗಿಕ ದೌರ್ಜನ್ಯ ಮಾಡಿದ್ದರೆ ಹೊರಗೆ ಹೇಳಲೇಬೇಕಾಗುತ್ತದೆ. ಮೂರನೆಯದನ್ನು ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ.

ಜೀವನದ ಅರ್ಥ ಹುಡುಕುವುದು ಈ ವಯಸ್ಸಿನಲ್ಲಿ ಕಾಯಿಲೆಯಲ್ಲ. ಹನ್ನೊಂದು ಹನ್ನೆರಡರ ನಂತರ ಕಣ್ಣೆದುರಿಗೆ ಇಲ್ಲದ್ದನ್ನು, ‘ಹೀಗಿರಬೇಕಿತ್ತು’ ಎಂಬುದನ್ನು ಯೋಚಿಸುವ ಶಕ್ತಿ ಬಲಿಯುತ್ತದೆ. ಆಮೇಲೆ ಮೊದಲು ಪರೀಕ್ಷೆಗೆ ಒಳಗಾಗುವವರು ಅಪ್ಪ ಅಮ್ಮನೇ. ಹಾಗೆಂದು ‘ಈ ವಯಸ್ಸೇ ಹಾಗೆ’ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಪ್ರಶ್ನೆ ಪ್ರಶ್ನೆಯಾಗಿಯೇ ಇದೆಯೋ, ಅದರ ಹಿಂದೆ ಖಿನ್ನತೆ ಇದೆಯೋ ಎಂದು ಮೊದಲು ನೋಡಬೇಕು.

ಅದಕ್ಕೆ ನೇರವಾಗಿ ಕೇಳಬೇಕು. ‘ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚಿಸಿದ್ದೀಯಾ? ಅದಕ್ಕೆ ಏನಾದರೂ ತಯಾರಿ ಮಾಡಿಕೊಂಡಿದ್ದೀಯಾ? ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೆಚ್ಚಿನವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹುಡುಗನ ಉತ್ತರ: ‘ಸಾಯಬೇಕು ಅಂತಲ್ಲ ಮೇಡಂ. ಯಾಕೆ ಬದುಕಬೇಕು ಅಂತ ಕೇಳಿದ್ದು.’ ಎರಡೂ ಬೇರೆ. ಆದರೂ ಒಂದು ಉತ್ತರವನ್ನು ನಂಬಿ ಕೂರಬಾರದು. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಇಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ, ತೋಟದ ಶೆಡ್ಡಿನಲ್ಲಿ ಕೀಟನಾಶಕವಂತೂ ಇದ್ದೇ ಇರುತ್ತದೆ. ಎರಡಕ್ಕೂ ಬೀಗ ಹಾಕಿ ಕೀಲಿಯನ್ನು ದೊಡ್ಡವರೊಬ್ಬರ ಬಳಿಯೇ ಇಟ್ಟುಕೊಳ್ಳಲು ತಂದೆಗೆ ಹೇಳಲಾಯಿತು. ಅನುಮಾನ ಸಣ್ಣದಿದ್ದಾಗಲೂ ಈ ಮಾತು ಹೇಳಲೇಬೇಕು, ಏಕೆಂದರೆ ಹದಿಹರೆಯದಲ್ಲಿ ಆ ಗಳಿಗೆಯ ಆವೇಗ ಬೇಗ ಬರುತ್ತದೆ, ಕೈಗೆ ಏನೂ ಸಿಗದಿದ್ದರೆ ಬೇಗ ಇಳಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದನ್ನು ಹುಡುಗನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಹಾಕಿಸಲಾಯಿತು.

ಖಿನ್ನತೆಯ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆ. ಕಳೆದ ಎರಡು ವಾರವನ್ನು ನೆನೆದು ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಇವನಿಗೆ ಬಂದದ್ದು 11. ಒಂಬತ್ತನೆಯದು ಪ್ರಾಣಹಾನಿಯ ಯೋಚನೆಯ ಪ್ರಶ್ನೆ, ಅಲ್ಲಿ ಸೊನ್ನೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ನೋಡಬೇಕು. ಮಡಿಕೇರಿಯಲ್ಲಿ ಮನೋವೈದ್ಯರು ನೋಡಿ, ಸದ್ಯ ಔಷಧ ಬೇಡ, ಆಪ್ತಸಲಹೆ ನಡೆಯಲಿ ಎಂದರು. ಯಾರಾದರೂ ನೋಡಿದರೆ ಎಂದು ತಂದೆಗೆ ಅಲ್ಲಿಗೆ ಹೋಗುವುದೇ ದೊಡ್ಡ ಸಂಕಟವಾಗಿತ್ತು.

ಪ್ರಕರಣ ತೆರೆದುಕೊಂಡದ್ದು ಒಂದು ಸರಳ ಅಭ್ಯಾಸದಿಂದ. ನೋಟ್‌ಬುಕ್ಕಿನಲ್ಲಿ ‘ಎಲ್ಲರೂ’, ‘ಯಾರೂ’, ‘ಯಾವಾಗಲೂ’, ‘ಮನುಷ್ಯರು’ ಎಂದಿರುವ ವಾಕ್ಯಗಳಿಗೆಲ್ಲ ಅವನೇ ಸುತ್ತು ಹಾಕಬೇಕು. ಒಂದೊಂದರ ಪಕ್ಕದಲ್ಲಿ ಯಾರು, ಏನು ಮಾಡಿದರು, ಯಾವ ದಿನ ಎಂದು ಬರೆಯಬೇಕು. ಬರೆಯಲಾಗದಿದ್ದರೆ ಖಾಲಿ ಬಿಡಬೇಕು. ಅವಸರ ಮಾಡಬಾರದು, ‘ಇದು ಯಾರ ಬಗ್ಗೆ?’ ಎಂದು ಚುಚ್ಚಲೂಬಾರದು. ಹುಡುಗ ಅದನ್ನು ಮನೆಯಲ್ಲಿ ಮಾಡಿಕೊಂಡು ಬಂದ. ಹದಿನಾಲ್ಕು ವಾಕ್ಯಗಳಲ್ಲಿ ಒಂಬತ್ತು ಅಪ್ಪನ ಬಗ್ಗೆ, ಮೂರು ತನ್ನದೇ ಬಗ್ಗೆ. ಎರಡು ಖಾಲಿ.

ಒಂಬತ್ತಕ್ಕೂ ಒಂದೇ ಜಾಗ, ಕಾಫಿ ಕಣ. ಜನವರಿಯ ಕೊಯ್ಲಿನಲ್ಲಿ, ರಜೆಯ ದಿನ ಸಂಜೆ ತೂಕದ ಲೆಕ್ಕ ಬರೆಯುವ ರೈಟರ್ ಕೆಲಸ ಇವನದಾಗಿತ್ತು. ಕೊಯ್ದ ಹಣ್ಣಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಚೀಲದ ತೂಕ, ಎಲೆ, ಕಡ್ಡಿ ಎಂದು ಸ್ವಲ್ಪ ಕಳೆಯುವುದು ರೂಢಿ. ಗೋಣಿಚೀಲ ತೂಗುವುದು ಸುಮಾರು ಒಂದು ಕಿಲೋ. ಅಪ್ಪ ಕಳೆಸುತ್ತಿದ್ದದ್ದು ಚೀಲಕ್ಕೆ ಮೂರು ಕಿಲೋ. ಹೆಚ್ಚಾಗಿ ಕಳೆದ ಎರಡು ಕಿಲೋಗೆ, ಕಿಲೋಗೆ ಐದು ರೂಪಾಯಿ ಎಂದರೆ ಚೀಲಕ್ಕೆ ಹತ್ತು ರೂಪಾಯಿ, ಒಬ್ಬರಿಗೆ ದಿನಕ್ಕೆ ಎರಡು ಚೀಲಕ್ಕೆ ಇಪ್ಪತ್ತು. ‘ಬೇರೆಯವರ ಒಂದು ಕಾಳು ಮೆಣಸೂ ಮುಟ್ಟಬಾರದು’ ಎಂದು ಚಿಕ್ಕಂದಿನಿಂದ ಹೇಳಿದ ಅಪ್ಪನೇ ಇದನ್ನು ಮಾಡಿಸಿದ್ದು. ಬರೆದದ್ದು ತನ್ನ ಕೈ. ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಹುಡುಗನೊಬ್ಬ ಇವನದೇ ಕಾಲೇಜಿನವನು.

ಇಲ್ಲಿ ಎರಡು ಭಾವನೆಗಳನ್ನು ಬಿಡಿಸಬೇಕಿತ್ತು. ‘ನಾನು ತಪ್ಪು ಮಾಡಿದೆ’ ಎಂಬುದು ಒಂದು. ಅದಕ್ಕೆ ಸರಿಪಡಿಸುವ ದಾರಿ ಇದೆ. ‘ನಾನೇ ಕೆಟ್ಟವನು’ ಎಂಬುದು ಇನ್ನೊಂದು. ಅದಕ್ಕೆ ಅಡಗಿಕೊಳ್ಳುವುದಷ್ಟೇ ದಾರಿ. ಈ ತಪ್ಪಿನಲ್ಲಿ ನಿನ್ನ ಪಾಲು ನೂರಕ್ಕೆ ಎಷ್ಟು ಎಂದಾಗ 80 ಎಂದ. ಕಾಗದದ ಮೇಲೆ ದೊಡ್ಡ ವೃತ್ತ ಬರೆದು ಮೊದಲು ಬೇರೆಯವರ ಪಾಲು ಹಂಚಿಸಲಾಯಿತು: ತೀರ್ಮಾನ ಅಪ್ಪನದು, ಗೊತ್ತಿದ್ದೂ ಸುಮ್ಮನಿದ್ದ ಮೇಸ್ತ್ರಿಯದು, ಸುತ್ತಲ ತೋಟಗಳ ರೂಢಿಯದು. ಅವನ ಪಾಲಿಗೆ ಉಳಿದದ್ದು 15. ಸ್ವಂತ ಪಾಲನ್ನು ಕೊನೆಗೇ ಬರೆಸಬೇಕು, ಮೊದಲು ಬರೆಸಿದರೆ ಬೇರೆಯವರಿಗೆ ಜಾಗವೇ ಇರುವುದಿಲ್ಲ. ಆ 15ನ್ನು ಸೊನ್ನೆ ಮಾಡಲು ಹೋಗಬಾರದು. ‘ನಿನ್ನದೇನೂ ತಪ್ಪಿಲ್ಲ ಬಿಡು’ ಎಂದರೆ ಬುದ್ಧಿವಂತ ಮಕ್ಕಳು ನಂಬುವುದಿಲ್ಲ, ಹೇಳಿದವರನ್ನೂ ಕಪಟಿಗಳ ಪಟ್ಟಿಗೆ ಸೇರಿಸುತ್ತಾರೆ.

ಕೂಲಿಯವರೆದುರಿಗೇ ಅಪ್ಪನನ್ನು ಕೇಳುತ್ತೇನೆ ಎಂದು ಹೊರಟಿದ್ದ. ಅದು ಬೇಡವೆಂದಾಯಿತು, ಮಾತು ಮಾನಕ್ಕೆ ತಿರುಗಿದರೆ ಲೆಕ್ಕ ಮರೆತುಹೋಗುತ್ತದೆ. ಅಪ್ಪ ಒಬ್ಬರೇ ಇರುವಾಗ, ಕಣದ ಹೊತ್ತು ಬಿಟ್ಟು, ಅವರು ಕುಡಿಯದ ದಿನ, ಮೂರೇ ವಾಕ್ಯ: ‘ಅಪ್ಪ, ಕಣದ ಲೆಕ್ಕ ಇನ್ನು ನಾನು ಬರೆಯಲ್ಲ. ಮೂರು ಕಿಲೋ ಕಳೆಯೋದು ನನ್ನಿಂದ ಆಗ್ತಿಲ್ಲ. ಬೇರೆ ಯಾವ ಕೆಲಸ ಹೇಳಿದರೂ ಮಾಡ್ತೀನಿ.’ ‘ಮೋಸ’ ಎಂಬ ಪದ ಇಲ್ಲ. ಹಳೆಯ ಉಪದೇಶಗಳನ್ನು ಎತ್ತಿ ತೋರಿಸುವುದೂ ಇಲ್ಲ. ಅಭ್ಯಾಸ ಮಾಡಿಸಿದ್ದು ಅರೆಭಾಷೆಯಲ್ಲಿ. ಪುಸ್ತಕದ ಕನ್ನಡದಲ್ಲಿ ಕಲಿತ ಮಾತು ಮನೆಯಲ್ಲಿ ಬಾಯಿಗೆ ಬರುವುದಿಲ್ಲ.

ಆಪ್ತಸಲಹೆಗಾರರು ತಂದೆಯ ಜೊತೆ ಮಾತಾಡುವಾಗ ಏನು ಹೇಳಬಹುದು, ಏನು ಬೇಡ ಎಂಬುದನ್ನು ಹುಡುಗನೇ ನಿರ್ಧರಿಸಿದ್ದ. ‘ಎಲ್ಲರೂ ಮಾಡೋದೇ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಹಣ್ಣು ಉದುರಿ ನಷ್ಟ ಯಾರಿಗೆ? ಸೊಸೈಟಿ ಸಾಲ ಯಾರು ಕಟ್ಟೋದು?’ ಎಂದರು ತಂದೆ. ಅವರ ಕಷ್ಟ ಸುಳ್ಳಲ್ಲ, ಆದರೆ ಅದನ್ನು ಕೂಲಿಯವರ ಚೀಲದಿಂದ ಕಳೆಯುವುದು ಉತ್ತರವೂ ಅಲ್ಲ. ತಂದೆಯನ್ನು ತಿದ್ದುವುದು ಈ ಪ್ರಕರಣದ ಗುರಿಯಾಗಿರಲಿಲ್ಲ. ಹುಡುಗನಿಗೆ ಬೈಯಬಾರದು, ‘ನಿನಗೇನು ಗೊತ್ತು’ ಎನ್ನಬಾರದು, ಲೆಕ್ಕದ ಕೆಲಸ ಬಿಡಿಸಬೇಕು, ಇಷ್ಟೇ ಕೇಳಿದ್ದು. ಒಪ್ಪಿದರು. ಕೊಯ್ಲಿನ ಕೊನೆಯ ವಾರ ಖಾಲಿ ಚೀಲ ತೂಗಿ ಒಂದು ಕಿಲೋ ಮಾತ್ರ ಕಳೆದರು ಎಂದು ಹುಡುಗನಿಂದ ತಿಳಿಯಿತು. ಮಗನಿಗೆ ಏನೂ ಹೇಳಲಿಲ್ಲ. ಹಿಂದಿನ ಬಾಕಿಯ ಮಾತು ಎತ್ತಲೂ ಇಲ್ಲ.

ಸಂತೋಷದ ಪ್ರಶ್ನೆಗೆ ಒಂದು ವಾರದ ದಾಖಲೆ. ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಆಗ ಏನು ಮಾಡುತ್ತಿದ್ದೆ, ಮನಸ್ಸು ಹತ್ತಕ್ಕೆ ಎಷ್ಟು ಎಂದು ಬರೆಯುವುದು. ಸಂಜೆ ಹಾಕಿ ಆಡಿದ ದಿನ 7, ಅಜ್ಜಿಯ ಜೊತೆ ಒಲೆ ಮುಂದೆ ಕೂತರೆ 6, ರಾತ್ರಿ ಹನ್ನೊಂದರ ನಂತರ ಫೋನ್ ಹಿಡಿದರೆ 2. ಮಲಗುವುದು ಹನ್ನೆರಡೂವರೆಗೆ, ಬಸ್ಸಿಗಾಗಿ ಏಳುವುದು ಐದೂಮುಕ್ಕಾಲಿಗೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಪ್ರಶ್ನಾವಳಿಯ 11ರಲ್ಲಿ ಸುಮಾರು ಅರ್ಧ ನಿದ್ದೆ, ಸುಸ್ತು, ಗಮನ ನಿಲ್ಲದಿರುವುದರಿಂದಲೇ ಬಂದಿತ್ತು. ಫೋನನ್ನು ಹತ್ತಕ್ಕೆ ಹಜಾರದಲ್ಲಿ ಚಾರ್ಜಿಗೆ ಇಡುವುದು, ವಾರಕ್ಕೆ ಮೂರು ಸಂಜೆ ಹಾಕಿ ಆಟ. ಒಮ್ಮೆಗೇ ಎರಡು ಗಂಟೆ ಬೇಗ ಮಲಗಿದರೆ ನಿದ್ದೆ ಬಾರದೆ ಹೊರಳಾಡಿ ಬಿಟ್ಟುಬಿಡುತ್ತಾರೆ, ಅದಕ್ಕೇ ಮಲಗುವ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ಸರಿಸುವುದು.

ಖಾಲಿ ಬಿಟ್ಟ ಎರಡು ವಾಕ್ಯಗಳಲ್ಲಿ ಒಂದು: ‘ಮನುಷ್ಯರು ಒಳ್ಳೆಯವರಾಗಿ ಇರೋದಕ್ಕೂ ಸಂತೋಷಕ್ಕೂ ಸಂಬಂಧ ಇದೆಯಾ?’ ಇದು ನಿಜವಾದ ಪ್ರಶ್ನೆ. ಆಪ್ತಸಲಹೆಗಾರರು ಇದಕ್ಕೆ ಉತ್ತರ ಕೊಡಲು ಹೋಗಬಾರದು, ಕೊಟ್ಟರೆ ಅದೂ ಇನ್ನೊಂದು ಉಪದೇಶವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಮಾಡಿ ಅಲ್ಲಿಗೆ ಸರಿಸಲು ಹೇಳಲಾಯಿತು.

ಆರು ವಾರದ ನಂತರ ಪ್ರಶ್ನಾವಳಿಯ ಅಂಕ 6. ಬಾಕಿ ಕೊಡದಿರುವುದರ ಬಗ್ಗೆ ಅವನ ಸಿಟ್ಟು ಹಾಗೇ ಇದೆ, ಅದನ್ನು ಇಳಿಸುವ ಪ್ರಯತ್ನ ಮಾಡಿಲ್ಲ. ಮುಂದಿನ ಭೇಟಿಯನ್ನು ಪರೀಕ್ಷೆಯ ಹೊತ್ತಿಗಲ್ಲ, ಮುಂದಿನ ಜನವರಿಗೆ, ಕೊಯ್ಲು ಶುರುವಾಗುವ ವಾರಕ್ಕೆ ಇಡಲಾಗಿದೆ. ಅದಕ್ಕೂ ಮೊದಲು ನಿದ್ದೆ ಮತ್ತೆ ಕೆಟ್ಟರೆ, ಹಾಕಿ ಆಟ ಬಿಟ್ಟರೆ, ತನ್ನ ವಸ್ತುಗಳನ್ನು ಯಾರಿಗಾದರೂ ಕೊಡಲು ಶುರು ಮಾಡಿದರೆ ಕಾಯದೆ ಕರೆತರಲು ಅಮ್ಮನಿಗೂ ಕಾಲೇಜಿಗೂ ತಿಳಿಸಿದೆ.