ಕಿತ್ತಳೆಯ ಬುಡ ಮುಚ್ಚಬೇಡಿ

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ ಕಳೆದ ವಾರ ಕೈಸೇರಿತು. ಅದರ ಸಾರ ಇಷ್ಟು: ‘ನಮ್ಮ ಮನೆ ಮೆಟ್ಟಿಲ ಪಕ್ಕ ಮಾವನವರು ನೆಟ್ಟ ಕಿತ್ತಳೆ ಮರವಿತ್ತು. ನಾಲ್ಕೈದು ವರ್ಷ ಸೊರಗಿ ಸೊರಗಿ ಹೋದ ಮಳೆಗಾಲದಲ್ಲಿ ಒಣಗಿತು. ನರ್ಸರಿಯಿಂದ ಕಸಿ ಗಿಡವೊಂದನ್ನು ತಂದು ಒಂದು ವರ್ಷದಿಂದ ಜಗಲಿಯ ಕುಂಡದಲ್ಲಿ ಸಾಕಿದ್ದೇನೆ. ಹಳೆ ಮರ ಇದ್ದ ಜಾಗದಲ್ಲೇ, ಈ ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲೇ ನೆಟ್ಟುಬಿಡೋಣ ಅಂತಿದ್ದೇನೆ, ನೀರು ಹಾಕುವ ಕೆಲಸ ಉಳಿಯುತ್ತದಲ್ಲ. ಗುಂಡಿ ಎಷ್ಟು ಆಳ ಇರಬೇಕು? ಗೊಬ್ಬರ ಎಷ್ಟು ಹಾಕಬೇಕು? ಗಾಳಿಗೆ ಬೀಳದ ಹಾಗೆ ಆಳಕ್ಕೆ ಹೂಳಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ.’

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಆಳಕ್ಕೆ ಹೂಳಬೇಡಿ. ನಾನು ಹೂಳಿದ್ದೆ. ಗಾಳಿಯ ಭಯದಿಂದಲೇ ಒಂದು ಗೇಣು ಆಳಕ್ಕೆ ಇಳಿಸಿ, ಮೇಲೆ ಮಣ್ಣು ಏರಿಸಿ, ಪ್ರೀತಿ ಹೆಚ್ಚಾಗಿ ಎರಡು ಬುಟ್ಟಿ ಸಗಣಿ ಗೊಬ್ಬರವನ್ನೂ ಬುಡಕ್ಕೇ ಒತ್ತಿದ್ದೆ. ಮೊದಲ ವರ್ಷ ಗಿಡ ಚೆನ್ನಾಗಿ ಚಿಗುರಿತು. ಎರಡನೇ ಮಳೆಗಾಲದಲ್ಲಿ ಎಲೆಯ ನರಗಳು ಹಳದಿಯಾದವು. ಗೊಬ್ಬರ ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಕೊನೆಗೊಂದು ದಿನ ಬುಡದ ಮಣ್ಣು ಕೈಯಿಂದ ಸರಿಸಿ ನೋಡಿದರೆ, ತೊಗಟೆ ನೆನೆದ ರಟ್ಟಿನಂತೆ ಮೆತ್ತಗಾಗಿತ್ತು. ಬೆರಳು ತಾಗಿದ ಕಡೆ ಕಳಚಿ ಬಂತು. ಒಳಗೆ ಕಂದು ಬಣ್ಣ, ಹುಳಿ ವಾಸನೆ, ಪಕ್ಕದಲ್ಲಿ ಜೇನಿನ ಬಣ್ಣದ ಅಂಟು. ಅಷ್ಟರಲ್ಲಿ ಕಾಂಡದ ಸುತ್ತ ಮುಕ್ಕಾಲು ಭಾಗ ಕೊಳೆತಿತ್ತು. ಆ ಗಿಡ ಉಳಿಯಲಿಲ್ಲ.

ಇದಕ್ಕೆ ಕಾರಣ ಫೈಟೊಫ್ತೋರಾ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತರುವುದೂ, ಮೆಣಸಿನ ಬಳ್ಳಿಯನ್ನು ವಾರದೊಳಗೆ ಸೊರಗಿಸುವುದೂ ಇದೇ ಕುಲದ ರೋಗಾಣುಗಳು. ಒದ್ದೆ ಮಣ್ಣಿನಲ್ಲಿ ಇವು ನೀರಿನೊಡನೆ ಈಜಿಕೊಂಡು ಬಂದು ಬೇರಿಗೂ ತೊಗಟೆಗೂ ತಗಲುತ್ತವೆ. ಕಿತ್ತಳೆಯ ತೊಗಟೆಗೆ ಇದನ್ನು ತಡೆಯುವ ಶಕ್ತಿ ಕಡಿಮೆ. ಅದಕ್ಕೇ ರಂಗಪುರ ನಿಂಬೆಯಂಥ ಗಟ್ಟಿ ಬೇರುಸಸಿಯ ಮೇಲೆ ಕಸಿ ಕಟ್ಟುವುದು. ಕಸಿ ಕೂಡಿದ ಗಂಟನ್ನೇ ಮಣ್ಣಿನೊಳಗೆ ಹೂತರೆ ಕಸಿ ಕಟ್ಟಿದವರ ಶ್ರಮವೆಲ್ಲ ನೀರುಪಾಲು. ಗಂಟು ನೆಲದಿಂದ ಕನಿಷ್ಠ ಒಂದು ಗೇಣು ಮೇಲಿರಲಿ. ಅದರ ಕೆಳಗೆ, ಕಾಂಡ ಅಗಲವಾಗಿ ಬೇರಾಗಿ ಹರಡುವ ಜಾಗ ಇದೆಯಲ್ಲ, ಅದೂ ಕಣ್ಣಿಗೆ ಕಾಣುತ್ತಿರಬೇಕು. ಕುಂಡದಲ್ಲೇ ಕೆಲವೊಮ್ಮೆ ಎರಡು ಬೆರಳು ಮಣ್ಣು ಹೆಚ್ಚಾಗಿ ಬಿದ್ದಿರುತ್ತದೆ. ನೆಡುವ ಮುಂಚೆ ಮೇಲಿನ ಮಣ್ಣನ್ನು ಮೆಲ್ಲಗೆ ತೆಗೆದು, ಮೊದಲ ದಪ್ಪ ಬೇರು ಎಲ್ಲಿ ಹೊರಡುತ್ತದೆ ಎಂದು ಹುಡುಕಿ ನೋಡಿ. ಅದೇ ನಿಮ್ಮ ಅಳತೆ.

ಹಳೆ ಮರದ ಜಾಗದಲ್ಲಿ ಬೇಡ. ಮಾವನವರ ನೆನಪಿಗೆ ಅಲ್ಲೇ ಇರಲಿ ಎನ್ನುವ ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ಸೊರಗಿ ಸತ್ತ ಮರ ಬೇರುಕೊಳೆಯಿಂದಲೇ ಸತ್ತಿರಬಹುದು. ಹಾಗಿದ್ದರೆ ರೋಗ ಆ ಮಣ್ಣಿನಲ್ಲಿ ಇನ್ನೂ ಇದೆ. ಹತ್ತು ಹನ್ನೆರಡು ಅಡಿ ಆಚೆಗೆ, ಹಳೆ ಗುಂಡಿಯ ನೀರು ಹರಿದು ಬಾರದ ಕಡೆ ನೆಡಿ. ಮೆಟ್ಟಿಲ ಮೇಲೆ ಕುಳಿತರೆ ಕಾಣುವಷ್ಟು ದೂರ ಸಾಕಲ್ಲವೇ? ಅಂಗಳದ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಂಡೆ, ಇದ್ದರೆ ಅದರ ಅಂಚನ್ನೂ ಬಿಡಿ. ಬರೆಯ ತಲೆಯ ಮೇಲೆ ನೀರು ಇಂಗುವ ಗುಂಡಿ ತೋಡಬಾರದು ಎಂದು 2018ರ ಆಗಸ್ಟಿನ ಭೂಕುಸಿತ ಕಂಡ ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಕಾಲ. ಕಕ್ಕಡದಲ್ಲಿ ಕೊಡಗಿನ ಮಣ್ಣು ಸ್ಪಂಜಿನಂತೆ ನೀರು ಕುಡಿದು ಕುಳಿತಿರುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆಯೆಲ್ಲ ನೀರು. ಬೇರಿಗೂ ಉಸಿರು ಬೇಕು. ಕುಂಡದಿಂದ ಆಗಷ್ಟೇ ಹೊರಬಂದು ಗಾಯಗೊಂಡ ಬೇರಿಗೆ ಇನ್ನೂ ಹೆಚ್ಚು ಬೇಕು. ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ ನೆಟ್ಟಿದ್ದರೆ ಒಂದು ಮಾತು. ಈಗ ಕಾಯುವುದೇ ಲೇಸು. ಕೈಲ್ ಮುಹೂರ್ತದ ಹಬ್ಬ ಮುಗಿಯಲಿ, ಮಳೆ ಹೊಳವಾಗಿ ನಡುನಡುವೆ ಬಿಸಿಲು ಬೀಳತೊಡಗಲಿ. ಸೆಪ್ಟೆಂಬರಿನಲ್ಲಿ ಮಣ್ಣಿನಲ್ಲಿ ತೇವವೂ ಇರುತ್ತದೆ, ಬೆಚ್ಚಗೂ ಇರುತ್ತದೆ. ಅಲ್ಲಿಂದ ಕಾವೇರಿ ಸಂಕ್ರಮಣ, ಹುತ್ತರಿ ಎಂದು ಎರಡು ಮೂರು ತಿಂಗಳು ಬೇರು ಹರಡಲು ಸಿಕ್ಕಿದರೆ ಜನವರಿಯ ಒಣಹವೆಯನ್ನು ಗಿಡ ತಡೆದುಕೊಳ್ಳುತ್ತದೆ. ಅಲ್ಲಿಯವರೆಗೆ ಕುಂಡ ಜಗಲಿಯಲ್ಲೇ ಇರಲಿ, ಸೂರಿನ ನೀರು ಅದರ ಮೇಲೆ ಸುರಿಯದಂತೆ ನೋಡಿಕೊಳ್ಳಿ.

ಗುಂಡಿಯ ವಿಚಾರದಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ತೋಟದ ಕಪ್ಪು ಮಣ್ಣಿಗೆ ಅದು ನಡೆಯುತ್ತದೆ. ನಮ್ಮ ಮನೆ ಅಂಗಳಗಳ ಕತೆ ಬೇರೆ. ಜೆಸಿಬಿ ತಂದು ಗುಡ್ಡ ಕಡಿದು ಸಮ ಮಾಡಿದ ಅಂಗಳದಲ್ಲಿ ಮೇಲ್ಮಣ್ಣು ಎಂಬುದೇ ಇರುವುದಿಲ್ಲ, ಅರ್ಧ ಅಡಿ ಕೆಳಗೆ ಹಾರೆಗೂ ಜಗ್ಗದ ಕೆಂಪು ಮಣ್ಣು. ಅದರಲ್ಲಿ ಚೌಕ ಗುಂಡಿ ತೋಡಿ ಸಡಿಲ ಗೊಬ್ಬರ ತುಂಬಿದರೆ, ಸುತ್ತಲಿನ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಒಳ್ಳೆಯ ಗುಂಡಿ, ಒಳಗೆ ಬಾವಿ. ಒಂದು ಪರೀಕ್ಷೆ ಮಾಡಿ. ಒಂದಡಿ ಗುಂಡಿ ತೋಡಿ, ಮಳೆ ಬಿಟ್ಟ ಒಂದು ಸಂಜೆ ಎರಡು ಬಕೆಟ್ ನೀರು ಸುರಿದು ಬಿಡಿ. ಬೆಳಿಗ್ಗೆ ಕಾಫಿ ಕುಡಿದು ಹೋಗಿ ನೋಡುವಾಗಲೂ ನೀರು ನಿಂತಿದ್ದರೆ ಗುಂಡಿಯ ಆಸೆ ಬಿಡಿ. ಅಲ್ಲೇ ನೆಲವನ್ನು ಗುದ್ದಲಿಯಿಂದ ಸಡಿಲಿಸಿ, ನಾಲ್ಕೈದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ ಅದರ ಮೇಲೆ ನೆಡಿ. ನೀರು ಇಂಗಿದ್ದರೆ ಗುಂಡಿ ಸಾಕು. ಆಗಲೂ ಆಳ ಕುಂಡದ ಮಣ್ಣುಂಡೆಯಷ್ಟೇ ಇರಲಿ, ಅಗಲ ಅದರ ಮೂರು ಪಟ್ಟು ಇರಲಿ. ಕೆಳಗೆ ಸಡಿಲ ಮಣ್ಣಿದ್ದರೆ ಗಿಡ ಕುಸಿದು ಬುಡ ತಾನಾಗಿಯೇ ಹೂತುಹೋಗುತ್ತದೆ.

ನೆಡುವ ದಿನ ಮೋಡ ಕವಿದಿದ್ದರೆ ಒಳ್ಳೆಯದು, ಇಲ್ಲವಾದರೆ ಸಂಜೆ ನೆಡಿ. ಕುಂಡವನ್ನು ಅಡ್ಡ ಮಲಗಿಸಿ, ಸುತ್ತಲೂ ತಟ್ಟಿ, ಗಿಡವನ್ನು ಹೊರಗೆ ಜಾರಿಸಿ. ಒಂದು ವರ್ಷ ಕುಂಡದಲ್ಲಿದ್ದ ಗಿಡದ ಬೇರು ಗೋಡೆಗೆ ತಾಗಿ ಸುತ್ತು ಹೊಡೆದಿರುತ್ತದೆ, ಒತ್ತಾಗಿ ಹೆಣೆದ ಸಿಂಬಿಯ ಹಾಗೆ. ಇದನ್ನು ಹಾಗೇ ನೆಟ್ಟರೆ ಅದು ನೆಲದಲ್ಲೂ ಸುತ್ತುತ್ತಲೇ ದಪ್ಪವಾಗಿ, ವರ್ಷಗಳ ಮೇಲೆ ಕಾಂಡವನ್ನೇ ಹಗ್ಗದಂತೆ ಬಿಗಿಯುತ್ತದೆ. ಬಿರುಗಾಳಿಗೆ ಮರ ಬುಡಸಮೇತ ಉರುಳಿದರೆ ಎಷ್ಟೋ ಸಲ ಆ ಸುತ್ತು ಬೇರೇ ಕಾರಣ. ಆದ್ದರಿಂದ ಹೊರಗಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಮುಖ ಮಾಡಿ. ಬಿಡಿಸಲಾಗದಷ್ಟು ಸುತ್ತಿದ್ದನ್ನು ಹರಿತವಾದ, ಸ್ವಚ್ಛ ಕತ್ತರಿಯಿಂದ ಕತ್ತರಿಸಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಮಾಡಿ. ಬೇರು ಒಣಗದಂತೆ ಒದ್ದೆ ಗೋಣಿ ಹೊದಿಸಿಡಿ.

ಹಾಗೇ ಒಂದು ಸಣ್ಣ ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದು ನೋಡಿ. ಆರೋಗ್ಯದ ಬೇರು ಬೆಳ್ಳಗೋ ತಿಳಿಹಳದಿಯಾಗಿಯೋ ಗಟ್ಟಿಯಾಗಿರುತ್ತದೆ. ಮೇಲಿನ ಸಿಪ್ಪೆ ಕಾಲುಚೀಲದಂತೆ ಕಳಚಿ, ಒಳಗಿನ ನೂಲು ಮಾತ್ರ ಕೈಗೆ ಬಂದರೆ ಕೊಳೆ ಕುಂಡದಲ್ಲೇ ಶುರುವಾಗಿದೆ ಎಂದರ್ಥ. ಬಹುಪಾಲು ಬೇರು ಹಾಗಿದ್ದರೆ ಆ ಗಿಡವನ್ನು ನೆಲಕ್ಕೆ ಇಳಿಸಬೇಡಿ. ಚೆಟ್ಟಳ್ಳಿಯಲ್ಲಿ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಕೊಡಗಿನ ಕಿತ್ತಳೆಯ ಮೇಲೆ ಬಹಳ ಕೆಲಸ ಮಾಡಿದವರು ಅಲ್ಲಿದ್ದಾರೆ. ಹೊಸ ಗಿಡಕ್ಕೆ ಅಲ್ಲಿ ವಿಚಾರಿಸಿ.

ಗೊಬ್ಬರ? ತೆಗೆದ ಮಣ್ಣನ್ನೇ ಮರಳಿ ತುಂಬಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಅದೂ ಮೇಲೆ, ಬುಡದಿಂದ ಒಂದೂವರೆ ಗೇಣು ದೂರದಲ್ಲಿ ಬಳೆಯಾಕಾರಕ್ಕೆ. ಹಸಿ ಕಾಫಿ ಸಿಪ್ಪೆ ಕೈಗೆ ಸಿಗುತ್ತದೆಂದು ಹಾಕಬೇಡಿ, ಅದು ಕೊಳೆಯುವಾಗ ಬರುವ ಕಾವಿಗೆ ಎಳೆ ಬೇರು ಸುಟ್ಟುಹೋಗುತ್ತದೆ. ಸಿಲ್ವರ್ ಓಕಿನ ಒಣ ಎಲೆ ಹೊದಿಕೆಗೆ ಒಳ್ಳೆಯದು, ಅದೂ ಕಾಂಡಕ್ಕೆ ತಾಗದಿರಲಿ. ಗಾಳಿಯ ಭಯಕ್ಕೆ ಉಪಾಯ ಊರುಗೋಲು. ಮಣ್ಣುಂಡೆಯ ಹೊರಗೆ ಎರಡು ಗೂಟ ಹೊಡೆದು, ಹಳೆ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಒಂದು ವರ್ಷಕ್ಕೆ ಬಿಚ್ಚಿಬಿಡಿ.

ನೆಟ್ಟ ಮೇಲೆ ಮರೆಯಬಾರದ ಒಂದು ಸಂಗತಿ: ಕುಂಡದ ಮಣ್ಣು, ಅದರಲ್ಲೂ ತೆಂಗಿನ ನಾರಿನ ಪುಡಿ ಬೆರೆತದ್ದು, ಸುತ್ತಲಿನ ನೆಲಕ್ಕಿಂತ ಬೇಗ ಒಣಗುತ್ತದೆ. ಅಂಗಳ ಒದ್ದೆಯಾಗಿ ಕಂಡರೂ ಗಿಡ ಬಾಯಾರಿರಬಹುದು. ಮಣ್ಣುಂಡೆಯೊಳಗೇ ಬೆರಳು ಚುಚ್ಚಿ ನೋಡಿ ನೀರು ಕೊಡಿ. ಜನವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ವಾರಕ್ಕೆ ಎರಡು ಬಕೆಟ್ ಬೇಕಾದೀತು. ಕಸಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಎಳೆಯದಾಗಿರುವಾಗಲೇ ಚಿವುಟಿ, ಬಿಟ್ಟರೆ ಬೇರುಸಸಿಯೇ ಬೆಳೆದು ಕಿತ್ತಳೆಯನ್ನು ನುಂಗುತ್ತದೆ. ಮುಂದಿನ ಮಳೆಗಾಲ ಹಿಡಿಯುವ ಮುಂಚೆ ಕಾಂಡಕ್ಕೆ ಬೋರ್ಡೋ ಮುಲಾಮು ಹಚ್ಚಿ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಎಲ್ಲ ಸೇರಿ ಹತ್ತು ಲೀಟರ್ ನೀರು. ನಿಮ್ಮ ಒಂದೇ ಗಿಡಕ್ಕೆ ನೂರು ನೂರು ಗ್ರಾಂ, ಒಂದು ಲೀಟರ್ ನೀರಿನ ಲೆಕ್ಕ ಸಾಕು. ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಅಂಟುವುದರಿಂದ ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ.

ಸೆಪ್ಟೆಂಬರಿನಲ್ಲಿ ನೆಟ್ಟ ಮೇಲೆ ನನಗೊಂದು ಫೋಟೊ ಕಳಿಸುತ್ತೀರಾ? ಹತ್ತಿರದಿಂದ, ಬುಡದ್ದು.